ಜೀರೋ ಬೈ ಜೀರೋ ಬಂದಾಗ ಪೆನ್ ಕೆಳಗಿಡಬೇಡಿ

ಲಿಮಿಟ್ ಲೆಕ್ಕದಲ್ಲಿ (ಒಂದು ಬೆಲೆಯ ಹತ್ತಿರ ಹೋದಂತೆ ಉತ್ತರ ಎಷ್ಟರ ಹತ್ತಿರ ಹೋಗುತ್ತದೆ ಎಂದು ಕೇಳುವ ಲೆಕ್ಕ) ಬೆಲೆ ಹಾಕಿದ ಕೂಡಲೇ ಜೀರೋ ಬೈ ಜೀರೋ ಬಂದರೆ ಎಷ್ಟೋ ಜನ ‘ಉತ್ತರ 0’ ಎಂದು ಬರೆದುಬಿಡುತ್ತಾರೆ. ಕೆಲವರು ‘ಲಿಮಿಟ್ ಇಲ್ಲ’ ಎನ್ನುತ್ತಾರೆ. ಎರಡೂ ಅವಸರದ ಮಾತು. 0/0 ಬಂತು ಅಂದರೆ ಇನ್ನೂ ಕೆಲಸ ಬಾಕಿ ಇದೆ ಎಂದರ್ಥ. (ಈ ಟಿಪ್ಪಣಿಯಲ್ಲಿ ಎಕ್ಸ್‌ಗೆ ‘ಕ’, ಎಚ್‌ಗೆ ‘ಹ’, ಟೀಗೆ ‘ಟ’ ಎಂದು ಬರೆದಿದ್ದೇನೆ.)

ಮೊದಲು ಸುಲಭದ್ದು. ಕ 3ರ ಹತ್ತಿರ ಹೋದಂತೆ (ಕ² − 9)/(ಕ − 3) ಎಷ್ಟರ ಹತ್ತಿರ ಹೋಗುತ್ತದೆ? ಮೇಲಿನದನ್ನು (ಕ − 3)(ಕ + 3) ಎಂದು ಒಡೆಯಿರಿ. ಕ − 3 ಹೊಡೆದುಹೋಗಿ ಕ + 3 ಉಳಿಯುತ್ತದೆ. ಉತ್ತರ 6.

ಆದರೆ ಕ 3 ಆದರೆ ಕ − 3 ಸೊನ್ನೆ ಅಲ್ವಾ? ಸೊನ್ನೆಯನ್ನು ಹೇಗೆ ಹೊಡೆದುಹಾಕಿದಿರಿ? ಈ ಅನುಮಾನ ಬಂದರೆ ನೀವು ಸರಿಯಾಗಿ ಓದುತ್ತಿದ್ದೀರಿ. ಲಿಮಿಟ್ ಕೇಳುವುದು 3ರ ಅಕ್ಕಪಕ್ಕದ ಕಥೆಯನ್ನು. ಅಲ್ಲಿ ಕ − 3 ಎಷ್ಟು ಚಿಕ್ಕದಾದರೂ ಸೊನ್ನೆ ಅಲ್ಲ, ಹಾಗಾಗಿ ಧೈರ್ಯವಾಗಿ ಹೊಡೆಯಬಹುದು. ಗ್ರಾಫ್ ಬರೆದು ನೋಡಿ: ಒಂದು ನೇರ ಗೆರೆ, 3ರ ಮೇಲೆ ಮಾತ್ರ ಒಂದು ತೂತು. ಆ ತೂತು ಇರುವ ಎತ್ತರವೇ 6.

ಈಗ ಡಿರೈವೇಟಿವ್, ಅಂದರೆ ಒಂದು ಕ್ಷಣದಲ್ಲಿ ಬೆಲೆ ಬದಲಾಗುತ್ತಿರುವ ವೇಗ. ಎತ್ತರದ ಬಂಡೆಯಿಂದ ಕಲ್ಲು ಬಿಟ್ಟರೆ ಟ ಸೆಕೆಂಡಿನಲ್ಲಿ ಅದು ಸುಮಾರು 4.9ಟ² ಮೀಟರ್ ಬೀಳುತ್ತದೆ (ಗಾಳಿಯ ತಡೆ ಬಿಟ್ಟು). ಸರಿಯಾಗಿ 2ನೇ ಸೆಕೆಂಡಿನಲ್ಲಿ ಅದರ ವೇಗ ಎಷ್ಟು? ಆ ಒಂದು ಕ್ಷಣದಲ್ಲಿ ಹೋದ ದೂರ 0, ಹಿಡಿದ ಸಮಯ 0. ಮತ್ತೆ ಅದೇ 0/0! ಹಾಗಾಗಿ ಪಕ್ಕದಿಂದ ಬರೋಣ. 2ರಿಂದ 2.1 ಸೆಕೆಂಡಿನವರೆಗೆ ಸರಾಸರಿ ವೇಗ 20.09. 2.01ರವರೆಗೆ 19.649. 2.001ರವರೆಗೆ 19.6049. ಎತ್ತ ಹೋಗುತ್ತಿದೆ ಎಂದು ಕಣ್ಣಿಗೇ ಕಾಣುತ್ತದೆ. 2ರಿಂದ 2 + ಹ ವರೆಗೆ ತೆಗೆದುಕೊಂಡರೆ 4.9(4ಹ + ಹ²)/ಹ, ಅಂದರೆ 19.6 + 4.9ಹ. ಹ ಕರಗಿದಂತೆ ಉಳಿಯುವುದು ಸೆಕೆಂಡಿಗೆ 19.6 ಮೀಟರ್.

ಮೊದಲು ಹ ಸೊನ್ನೆ ಅಲ್ಲ ಎಂದು ಭಾಗಿಸಿ, ಆಮೇಲೆ ಅದನ್ನೇ ಸೊನ್ನೆ ಮಾಡುವುದು ಯಾವ ನ್ಯಾಯ? 1734ರಲ್ಲಿ ಐರ್ಲೆಂಡಿನ ಬಿಷಪ್ ಜಾರ್ಜ್ ಬರ್ಕ್ಲಿ ನ್ಯೂಟನ್‌ನ ವಿಧಾನದ ಮೇಲೆ ಎತ್ತಿದ ತಕರಾರೂ ಇದೇ. ಫ್ರಾನ್ಸಿನ ಗಣಿತಜ್ಞ ಕೋಶಿ 1821ರಲ್ಲಿ ಲಿಮಿಟ್ಟನ್ನೇ ಬುನಾದಿಯಾಗಿ ಇಟ್ಟುಕೊಂಡು ಪಾಠ ಕಟ್ಟಿದ. ಹ ಯಾವತ್ತೂ ಸೊನ್ನೆ ಆಗಬೇಕಿಲ್ಲ, ಹತ್ತಿರ ಹೋದರೆ ಸಾಕು. ಪುಸ್ತಕದಲ್ಲಿ ಲಿಮಿಟ್ ಮೊದಲು, ಡಿರೈವೇಟಿವ್ ಆಮೇಲೆ ಬರುವುದು ಇದಕ್ಕೇ.

ನನಗೆ ತುಂಬಾ ಇಷ್ಟವಾದ ಲೆಕ್ಕ ಒಂದಿದೆ. ಹ ಸೊನ್ನೆಯತ್ತ ಹೋದಾಗ (√(4 + ಹ) − 2)/ಹ. ಮೇಲೆ ಕೆಳಗೆ √(4 + ಹ) + 2ರಿಂದ ಗುಣಿಸಿದರೆ ಮೇಲೆ ಬರೀ ಹ ಉಳಿಯುತ್ತದೆ, ಹೊಡೆದರೆ 1/(√(4 + ಹ) + 2). ಉತ್ತರ 1/4. ಈಗ ಲೆಕ್ಕವನ್ನು ಇನ್ನೊಮ್ಮೆ ನೋಡಿ. 2 ಅಂದರೆ √4 ಅಲ್ವಾ? ಇದು √ಕ ಫಂಕ್ಷನ್ನಿಗೆ 4ರಲ್ಲಿ ಡಿರೈವೇಟಿವ್, ಅಷ್ಟೇ. 1/(2√ಕ) ಸೂತ್ರದಲ್ಲಿ 4 ಹಾಕಿ, 1/(2√4) ಎಂದು ಒಂದೇ ಸಾಲಿನಲ್ಲಿ ತಾಳೆ ನೋಡಬಹುದು.

ಪ್ರತಿ 0/0ಗೂ ಉತ್ತರ ಸಿಗುತ್ತದೆ ಎಂದೇನೂ ಇಲ್ಲ. ಮಾಡ್ ಕ, ಅಂದರೆ |ಕ| (ಮೈನಸ್ ಚಿಹ್ನೆ ಬಿಟ್ಟ ಬೆಲೆ) ತೆಗೆದುಕೊಳ್ಳಿ, 0ಯಲ್ಲಿ ಅದರ ಡಿರೈವೇಟಿವ್ ಹುಡುಕಲು 0 ಹತ್ತಿರ |ಹ|/ಹ ನೋಡಿ. ಬಲಗಡೆಯಿಂದ ಬಂದರೆ ಯಾವಾಗಲೂ 1, ಎಡಗಡೆಯಿಂದ −1. ಎರಡೂ ಸೇರುವುದೇ ಇಲ್ಲ. |ಕ| ಗ್ರಾಫ್ ಎಲ್ಲೂ ತುಂಡಾಗಿಲ್ಲ, ಆದರೂ 0ಯಲ್ಲಿ ಡಿರೈವೇಟಿವ್ ಇಲ್ಲ. ‘ಕಂಟಿನ್ಯುಯಸ್ ಆಗಿದೆ, ಆದ್ದರಿಂದ ಡಿರೈವೇಟಿವ್ ಇದೆ’ ಎಂದು ಬರೆಯುವ ಮುಂಚೆ ಆ ‘ವಿ’ ಆಕಾರದ ಮೂಲೆಯನ್ನು ಒಮ್ಮೆ ನೆನಪಿಸಿಕೊಳ್ಳಿ.