ಹೈಕೋರ್ಟಿನ ಜಾಗದಲ್ಲಿದ್ದ ಪೇಟೆ: ಡಿಜಿಟಲ್ ನಕ್ಷೆಯಲ್ಲಿ ಮದರಾಸು

ಹಳೆಯ ನಕ್ಷೆಯ ಸ್ಕ್ಯಾನ್ ಪ್ರತಿಯನ್ನು ಇಂದಿನ ಉಪಗ್ರಹ ಚಿತ್ರದ ಮೇಲೆ ಕೂರಿಸಿ, ಸ್ಲೈಡರ್ ಎಳೆಯುತ್ತಾ ಎರಡನ್ನೂ ತಾಳೆ ನೋಡುವುದು ವಸಾಹತು ಕಾಲದ ನಗರವನ್ನು ಓದುವ ಒಳ್ಳೆಯ ದಾರಿ. ಇದನ್ನು ಕಲಿಯಲು ನಾನು ಮೊದಲು ಸೂಚಿಸುವ ಊರು ಮದರಾಸು.

ಗವರ್ನರ್ ಥಾಮಸ್ ಪಿಟ್ ಮಾಡಿಸಿದ, 1710ರ ಸುಮಾರಿನ ನಕ್ಷೆ ತೆಗೆದುಕೊಳ್ಳಿ. ಸೇಂಟ್ ಜಾರ್ಜ್ ಕೋಟೆ, ಯುರೋಪಿಯನ್ನರ ವೈಟ್ ಟೌನ್, ಅದರ ಉತ್ತರಕ್ಕೇ ಅಂಟಿಕೊಂಡಂತೆ ಭಾರತೀಯರ ಬ್ಲ್ಯಾಕ್ ಟೌನ್. ಬೀದಿ ಬೀದಿಯೂ ಕಾಣುತ್ತದೆ. ಸ್ಲೈಡರ್ ಎಳೆದರೆ ಆ ಬೀದಿಗಳ ಜಾಗದಲ್ಲಿ 1892ರಲ್ಲಿ ಮುಗಿದ ಹೈಕೋರ್ಟ್ ಕಟ್ಟಡ ಮತ್ತು ಅದರ ಆವರಣ! ಅಷ್ಟು ದೊಡ್ಡ ಪೇಟೆ ಎಲ್ಲಿ ಹೋಯಿತು?

1746ರಲ್ಲಿ ಫ್ರೆಂಚರು ಕೋಟೆ ಹಿಡಿದು, ಗೋಡೆಗೆ ಹತ್ತಿರವಿದ್ದ ಮನೆಗಳನ್ನು ಕೆಡವಿದರು. 1749ರಲ್ಲಿ ಊರು ಮರಳಿ ಸಿಕ್ಕ ಮೇಲೆ ಇಂಗ್ಲಿಷರು ಆ ಕೆಲಸ ಮುಂದುವರಿಸಿದರು. ಮನೆಗಳ ಮರೆಯಲ್ಲಿ ಶತ್ರು ಕೋಟೆಯವರೆಗೆ ಬರಬಾರದು, ಫಿರಂಗಿಯ ಗುರಿಗೆ ಅಡ್ಡಿ ಇರಬಾರದು ಎಂಬುದೇ ಕಾರಣ. ಹೀಗೆ ಉಂಟಾದ ಬಯಲೇ ಎಸ್‌ಪ್ಲನೇಡ್. ಅದರ ಗಡಿಗೆ 1773ರಲ್ಲಿ ಆರು ಕಂಬ ನೆಟ್ಟರು. ಒಂದು ಪ್ಯಾರೀಸ್ ಕಾರ್ನರ್‌ನಲ್ಲಿ ಇನ್ನೂ ಉಳಿದಿದೆ. ಅದರಾಚೆ ಬೆಳೆದ ಹೊಸ ಬ್ಲ್ಯಾಕ್ ಟೌನೇ ಇಂದಿನ ಜಾರ್ಜ್ ಟೌನ್. ಆದ್ದರಿಂದ ನಂತರದ ನಕ್ಷೆಗಳಲ್ಲಿ ಕೋಟೆಯ ಸುತ್ತ ಖಾಲಿ ಜಾಗ ಕಂಡರೆ ಮೊದಲಿನಿಂದಲೂ ಬಯಲಾಗಿತ್ತು ಎಂದುಕೊಳ್ಳಬೇಡಿ. ಅಲ್ಲಿ ಜನ ಬಾಳಿದ್ದರು.

ಇನ್ನು ನಕ್ಷೆಯನ್ನು ಕೂರಿಸುವ ಬಗೆ. ನಕ್ಷೆ ಕೆಲಸದ ಉಚಿತ ತಂತ್ರಾಂಶವಾದ ಕ್ಯೂಜಿಐಎಸ್‌ನಲ್ಲಿ ಹಳೆಯ ಮತ್ತು ಹೊಸ ನಕ್ಷೆ ಎರಡರಲ್ಲೂ ಇರುವ ಜಾಗಗಳನ್ನು ಜೋಡಿ ಮಾಡಬೇಕು. ಕನಿಷ್ಠ ಮೂರು ಬಿಂದು ಸಾಕೆನ್ನುತ್ತಾರೆ. ಹೆಚ್ಚಿದ್ದರೆ ತಪ್ಪು ಬೇಗ ಸಿಕ್ಕಿಬೀಳುತ್ತದೆ. ಕೋಟೆಯೊಳಗಿನ, 1680ರ ಸೇಂಟ್ ಮೇರಿ ಚರ್ಚ್ ನಂಬಬಹುದಾದ ಬಿಂದು. ಕಡಲ ದಂಡೆಯನ್ನು ಮಾತ್ರ ಮುಟ್ಟಬೇಡಿ. ಒಂದು ಕಾಲಕ್ಕೆ ಅಲೆಗಳು ಕೋಟೆಯ ಹತ್ತಿರವೇ ಬಡಿಯುತ್ತಿದ್ದವು. 19ನೇ ಶತಮಾನದ ಕೊನೆಯಲ್ಲಿ ಬಂದರಿನ ಗೋಡೆಗಳು ಎದ್ದ ಮೇಲೆ, ದಕ್ಷಿಣದಿಂದ ಉತ್ತರಕ್ಕೆ ಸಾಗುವ ಮರಳು ಅಲ್ಲೇ ತಡೆದು ನಿಂತು, ಮರೀನಾ ಕಡೆಯ ದಂಡೆ ಅಗಲವಾಯಿತು. ಇಂದಿನ ದಂಡೆಗೆ ಹಳೆಯ ದಂಡೆಯನ್ನು ಜೋಡಿಸಿದರೆ ಇಡೀ ಊರೇ ಪೂರ್ವಕ್ಕೆ ಜಾರುತ್ತದೆ.

ಥಿನ್ ಪ್ಲೇಟ್ ಸ್ಪ್ಲೈನ್ ಎಂಬ ಆಯ್ಕೆಯ ಬಗ್ಗೆಯೂ ಎಚ್ಚರವಿರಲಿ. ಕೊಟ್ಟ ಬಿಂದುಗಳಿಗೆ ಅದು ನಕ್ಷೆಯನ್ನು ಹಿಗ್ಗಿಸಿ ಕೂರಿಸಿಯೇ ಬಿಡುತ್ತದೆ, ಬಿಂದುವೇ ತಪ್ಪಾಗಿದ್ದರೂ ದೋಷ ಸೊನ್ನೆ ಎಂದು ತೋರಿಸುತ್ತದೆ. ಜೋಡಿಗೆ ಬಳಸದ ಒಂದೆರಡು ಕಟ್ಟಡಗಳನ್ನು ಇಟ್ಟುಕೊಂಡು ಅವು ಸರಿಯಾಗಿ ಬಿದ್ದಿವೆಯೇ ನೋಡಿ.

ಕೊನೆಗೆ ಪ್ರತಿ ಪ್ರದೇಶದ ಗಡಿ ಎಳೆದು ಆರಂಭದ ವರ್ಷ, ಅಂತ್ಯದ ವರ್ಷ ಎಂದು ಎರಡು ಕಾಲಂ ಕೊಟ್ಟರೆ ವರ್ಷ ಬದಲಿಸುತ್ತಾ ನೋಡುವ ಕಾಲದ ಸ್ಲೈಡರ್ ಕೆಲಸ ಮಾಡುತ್ತದೆ. ಹಳೆಯ ಬ್ಲ್ಯಾಕ್ ಟೌನನ್ನು ಒಂದೇ ತುಂಡಾಗಿ ಎಳೆದು ಅಂತ್ಯಕ್ಕೆ 1746 ಎಂದು ಬರೆಯಬೇಡಿ. ಅದನ್ನು ಕೆಡವಿದ್ದು ಹಂತ ಹಂತವಾಗಿ. ಕೋಟೆಗೆ ತಾಗಿದ ಭಾಗ ಮತ್ತು ಉಳಿದ ಭಾಗಗಳನ್ನು ಬೇರೆ ಬೇರೆ ಪಾಲಿಗನ್ (ಗಡಿ ಎಳೆದ ಮುಚ್ಚಿದ ಆಕೃತಿ) ಮಾಡಿ.