ಬಾಗಲಕೋಟೆಯಲ್ಲಿ ಇದ್ದುಕೊಂಡೇ ಗ್ರ್ಯಾಂಡ್‌ಮಾಸ್ಟರ್ ಆಗಬಹುದಾ?

ಪ್ರಶ್ನೆ: ಮಗಳಿಗೆ 9 ವರ್ಷ. ಮೊಬೈಲ್‌ನಲ್ಲಿ ಚೆಸ್ ಆಡಿ ದೊಡ್ಡವರನ್ನೂ ಸೋಲಿಸುತ್ತಾಳೆ. ಗುಕೇಶ್ ನಂತರದ ಸಾಲಿನಲ್ಲಿ ಬಾಗಲಕೋಟೆಯಂಥ ಊರಿನ ಮಕ್ಕಳಿಗೆ ಜಾಗ ಇದೆಯಾ, ಇಲ್ಲಾ ಚೆನ್ನೈಗೇ ಹೋಗಬೇಕಾ?

ಉತ್ತರ: ಚೆನ್ನೈಗೆ ಗಂಟುಮೂಟೆ ಕಟ್ಟೋದು ಬೇಡ. ಆದರೆ ಮನೆಯಲ್ಲೇ ಕೂತರೂ ಆಗಲ್ಲ.

ಊರು ಸಣ್ಣದು ಅನ್ನೋ ಚಿಂತೆ ಮೊದಲು ಬಿಡಿ. ವಿಶ್ವನಾಥನ್ ಆನಂದ್ ಬಳಿಕ 2800 ರೇಟಿಂಗ್ (ಆಟಗಾರರ ಬಲ ತೋರಿಸುವ ಅಂಕ) ದಾಟಿದ ಅರ್ಜುನ್ ಎರಿಗೈಸಿ ವರಂಗಲ್‌ನವರು. 2025ರಲ್ಲಿ ಮಹಿಳಾ ವಿಶ್ವಕಪ್ ಗೆದ್ದು ದೇಶದ 88ನೇ ಗ್ರ್ಯಾಂಡ್‌ಮಾಸ್ಟರ್ ಆದ ದಿವ್ಯಾ ದೇಶಮುಖ್ ನಾಗಪುರದವರು. ನಮ್ಮ ರಾಜ್ಯದ ಮೊದಲ ಗ್ರ್ಯಾಂಡ್‌ಮಾಸ್ಟರ್ ತೇಜಕುಮಾರ್ ಮೈಸೂರಿನವರು, ಇನ್ನೊಬ್ಬ ಗ್ರ್ಯಾಂಡ್‌ಮಾಸ್ಟರ್ ಸ್ಟ್ಯಾನಿ ಶಿವಮೊಗ್ಗದವರು. ಬೆಂಗಳೂರಿನ ಹೆಸರು ಬರಲೇ ಇಲ್ಲ ನೋಡಿ!

ತೊಡಕು ಇರೋದು ರೇಟಿಂಗ್‌ನಲ್ಲಿ. ಗ್ರ್ಯಾಂಡ್‌ಮಾಸ್ಟರ್ ಆಗಲು ಸಾಮಾನ್ಯವಾಗಿ 2500 ರೇಟಿಂಗ್ ಮುಟ್ಟಬೇಕು, ಜೊತೆಗೆ ಮೂರು ನಾರ್ಮ್ ಬೇಕು, ಅಂದರೆ ಮೂರು ಟೂರ್ನಿಗಳಲ್ಲಿ ಗ್ರ್ಯಾಂಡ್‌ಮಾಸ್ಟರ್ ಮಟ್ಟದ ಆಟ ತೋರಿಸಬೇಕು. ಮೊಬೈಲ್‌ನಲ್ಲಿ ಕಾಣುವ ಅಂಕಿ ಇದಕ್ಕೆ ಲೆಕ್ಕಕ್ಕಿಲ್ಲ. ಫಿಡೆ (ವಿಶ್ವ ಚೆಸ್ ಸಂಸ್ಥೆ) ರೇಟಿಂಗ್ ಇರುವ ಟೂರ್ನಿಗೆ ಹೋಗಿ, ಎದುರಾಳಿಯ ಮುಂದೆ ಕೂತು ಆಡಿದ್ದಷ್ಟೇ ಲೆಕ್ಕ. 18ರೊಳಗಿನ ಮಕ್ಕಳಿಗೆ, 2300 ದಾಟುವವರೆಗೆ, ಸರಿಸಮ ರೇಟಿಂಗ್ ಇದ್ದವರನ್ನು ಗೆದ್ದರೆ 20 ಪಾಯಿಂಟ್ ಏರುತ್ತದೆ. ಸೋತರೆ ಅಷ್ಟೇ ಇಳಿಯುತ್ತದೆ. ಅದಕ್ಕೇ ನಾಲ್ಕಾರು ಆಟ ಸೋತ ಕೂಡಲೇ ಅಪ್ಪ-ಅಮ್ಮ ಕಂಗಾಲಾಗುತ್ತಾರೆ. ಸುಮ್ನೆ ಗಾಬರಿ. ಈಗ ನಮ್ಮ ದೇಶದ ಟೂರ್ನಿಗಳಲ್ಲಿ ರೇಟಿಂಗ್‌ಗಿಂತ ಎಷ್ಟೋ ಜೋರಾಗಿ ಆಡುವ ಮಕ್ಕಳೇ ಜಾಸ್ತಿ. ಅವರ ಕೈಲಿ ಸೋಲದವರಿಲ್ಲ.

ಇನ್ನೊಂದು ಮಾತು. ಮೊಬೈಲ್‌ನಲ್ಲಿ ಮೂರು ನಿಮಿಷಕ್ಕೆ ಆಟ ಮುಗಿಯುತ್ತದೆ. ದೊಡ್ಡ ಟೂರ್ನಿಯಲ್ಲಿ ಒಬ್ಬೊಬ್ಬರಿಗೆ 90 ನಿಮಿಷ, ಪ್ರತಿ ನಡೆಗೆ 30 ಸೆಕೆಂಡ್ ಬೇರೆ. ಮೊದಲ ಸಲ ಹೋದ ಮಗು 20 ನಿಮಿಷದಲ್ಲೇ ವಜೀರನನ್ನು ಕಳೆದುಕೊಂಡು ಹೊರಗೆ ಬಂದು ನಿಲ್ಲುತ್ತದೆ. ಕೂತು ಯೋಚಿಸುವುದನ್ನೇ ಕಲಿಸಬೇಕು. ಗುಕೇಶ್‌ಗೆ ಗುರು ವಿಷ್ಣು ಪ್ರಸನ್ನ ಬಹಳ ವರ್ಷ ಕಂಪ್ಯೂಟರ್ ಎಂಜಿನ್ (ಒಳ್ಳೆಯ ನಡೆ ಹೇಳಿಕೊಡುವ ತಂತ್ರಾಂಶ) ಮುಟ್ಟಲು ಬಿಟ್ಟಿರಲಿಲ್ಲ, ಗೊತ್ತಲ್ವಾ?

ಕೋಚಿಂಗ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಸಿಗದಿರೋದು ಪಕ್ಕದೂರಿನ ಟೂರ್ನಿ. ನನ್ನ ಕೇಳಿದರೆ, ಫೀಸಿಗಿಂತ ಮೊದಲು ಪ್ರಯಾಣದ ಖರ್ಚು ಲೆಕ್ಕ ಹಾಕಿ. ಬೆಂಗಳೂರಿನತ್ತಲೇ ನೋಡಬೇಡಿ. ನಿಮಗೆ ಮಹಾರಾಷ್ಟ್ರದ ಸಾಂಗ್ಲಿ ಹತ್ತಿರ. ಅಲ್ಲಿ ಈ ಆಟಕ್ಕೆ ‘ಬುದ್ಧಿಬಳ’ ಅಂತಾರೆ, ಚೆಸ್‌ನಲ್ಲಿ ಹಿಂದಿನಿಂದಲೂ ಹೆಸರು ಮಾಡಿದ ಊರು. ಅಖಿಲ ಭಾರತ ಚೆಸ್ ಫೆಡರೇಷನ್‌ನಲ್ಲಿ ಮಗಳ ಹೆಸರು ನೋಂದಾಯಿಸಿ, ಈ ವರ್ಷ ಮೂರ್ನಾಲ್ಕು ಟೂರ್ನಿ ಆಡಿಸಿ.

ಜೊತೆಗೆ ಯಾರು ಹೋಗ್ತಾರೆ ಅನ್ನೋದನ್ನೂ ಈಗಲೇ ಮಾತಾಡಿಕೊಳ್ಳಿ. ಗುಕೇಶ್ ಅಪ್ಪ ಕಿವಿ-ಮೂಗು-ಗಂಟಲಿನ ಡಾಕ್ಟರು, ಮಗನ ಜೊತೆ ತಿರುಗಲು ಪ್ರಾಕ್ಟೀಸನ್ನೇ ಬದಿಗಿಟ್ಟರು. ಪ್ರಜ್ಞಾನಂದನ ಅಮ್ಮ ವಿದೇಶಕ್ಕೂ ಅಡುಗೆ ಪಾತ್ರೆ ಒಯ್ಯುತ್ತಾರೆ. ನಿಮಗೆ ಆ ಕಷ್ಟ ಇಲ್ಲ ಬಿಡಿ. ಟೂರ್ನಿ ಐದು ದಿನ ನಡೆದರೂ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕೆಡಲ್ಲ.