ನಿದ್ದೆ ಸರಿಹೋಗುವುದು ಬೆಳಗಿನ ಕಡೆಯಿಂದ

ಎರಡನೇ ಪಿಯುಸಿ ಪರೀಕ್ಷೆ, ಅದಾದ ಮೇಲೆ ಸಿಇಟಿ, ನೀಟ್. ಎಲ್ಲ ಮುಗಿದು ರಜೆ ಬಂದಾಗ ಮೈಸೂರಿನ ಎಷ್ಟೋ ಮನೆಗಳಲ್ಲಿ ಒಂದೇ ದೂರು ಕೇಳಿಸುತ್ತದೆ. ಮಕ್ಕಳು ರಾತ್ರಿಯೆಲ್ಲ ಎದ್ದಿರುತ್ತಾರೆ, ಬೆಳಗ್ಗೆ ಹನ್ನೊಂದಾದರೂ ಏಳುವುದಿಲ್ಲ. ಕಾಲೇಜು ಶುರುವಾಗುವ ದಿನ ಹತ್ತಿರ ಬಂದಂತೆ ಇದು ಜಗಳಕ್ಕೆ ತಿರುಗುತ್ತದೆ. ಸರಸ್ವತಿಪುರದ ನಮ್ಮ ಬೀದಿಯಲ್ಲೂ ಅಂಥ ಒಬ್ಬ ಹುಡುಗ ಇದ್ದಾನೆ. "ಎಷ್ಟೊತ್ತಿಗೆ ಮಲಗ್ತೀಯಪ್ಪ?" ಅಂತ ಕೇಳಿದೆ. "ಮಲಗೋದು ಹತ್ತೂವರೆಗೇ ಅಂಕಲ್. ನಿದ್ದೆ ಬರೋದು ಮಾತ್ರ ಮೂರಕ್ಕೆ" ಅಂದ. ಪಕ್ಕದಲ್ಲಿದ್ದ ಅವನಮ್ಮ ನಂಬಲಿಲ್ಲ. ನಾನು ನಂಬಿದೆ. ನಿದ್ದೆಯ ಬಗ್ಗೆ ಗೊತ್ತಿರುವ ಯಾರೇ ಆದರೂ ನಂಬುತ್ತಾರೆ.

ಕೆಟ್ಟ ನಿದ್ದೆಯನ್ನು ಸರಿ ಮಾಡಬೇಕು ಎಂದಾಗ ನಾವೆಲ್ಲ ಮೊದಲು ಕೈ ಹಾಕುವುದು ಮಲಗುವ ಹೊತ್ತಿಗೆ. "ಇವತ್ತಿಂದ ಹತ್ತು ಗಂಟೆಗೆ ಲೈಟ್ ಆಫ್" ಎಂದು ಶುರು ಮಾಡುತ್ತೇವೆ. ಆ ಕಡೆಯಿಂದ ಎಳೆದರೆ ನಿದ್ದೆ ಬರುವುದಿಲ್ಲ. ಎಳೆಯಬೇಕಾದದ್ದು ಏಳುವ ಕಡೆಯಿಂದ. ಯಾಕೆ ಅನ್ನುವುದು ಅರ್ಥವಾದರೆ ಮಾಡುವುದು ಸುಲಭ.

ಮೊದಲು ಆ ಹುಡುಗನ ನಾಲ್ಕೂವರೆ ಗಂಟೆಯ ಹೊರಳಾಟವನ್ನೇ ನೋಡೋಣ. ಇಸ್ರೇಲಿನ ನಿದ್ದೆ ವಿಜ್ಞಾನಿ ಪೆರೆಟ್ಸ್ ಲವಿ 1986ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ಹೇಳಿ ಮಾಡಿಸಿದಂತಿದೆ. ಅವರು ಜನರನ್ನು ಒಂದಿಡೀ ರಾತ್ರಿ ನಿದ್ದೆ ಮಾಡದಂತೆ ನೋಡಿಕೊಂಡರು. ಆಮೇಲೆ 20 ನಿಮಿಷಕ್ಕೊಮ್ಮೆ ಕತ್ತಲ ಕೋಣೆಗೆ ಕಳಿಸಿ, 7 ನಿಮಿಷ ನಿದ್ದೆ ಮಾಡಲು ಪ್ರಯತ್ನಿಸಿ ಎಂದರು. ಉಳಿದ 13 ನಿಮಿಷ ಎದ್ದಿರಬೇಕು. ಹೀಗೆಯೇ ಗಂಟೆಗಟ್ಟಲೆ. ರಾತ್ರಿಯೆಲ್ಲ ಕಣ್ಣು ಮುಚ್ಚದವರು ದಿಂಬಿಗೆ ತಲೆ ಕೊಟ್ಟ ಕೂಡಲೇ ಗೊರಕೆ ಹೊಡೆಯಬೇಕಿತ್ತು, ಅಲ್ವಾ? ಮಧ್ಯಾಹ್ನ ಹಾಗೇ ಆಯಿತು. ಆದರೆ ಸಂಜೆಯಾಗುತ್ತಿದ್ದಂತೆ, ಅವರು ಮಾಮೂಲಿಯಾಗಿ ಮಲಗುವ ಸಮಯಕ್ಕೆ ಮುಂಚಿನ ಎರಡು ಮೂರು ಗಂಟೆಗಳಲ್ಲಿ, ನಿದ್ದೆ ಹತ್ತುವುದೇ ಕಷ್ಟವಾಯಿತು. ಮೈ ದಣಿದಿದೆ, ಕೋಣೆ ಕತ್ತಲಾಗಿದೆ, ಆದರೂ ಮಿದುಳು ಒಪ್ಪುವುದಿಲ್ಲ. ಆ ಹೊತ್ತು ದಾಟಿದ ಮೇಲೆ ನಿದ್ದೆ ಒಮ್ಮೆಗೇ ಬರುತ್ತದೆ.

ಮೂರಕ್ಕೆ ನಿದ್ದೆ ಹೋಗುವ ಅಭ್ಯಾಸ ಬಿದ್ದವನಿಗೆ ಈ ಒಪ್ಪದ ಹೊತ್ತು ಬರುವುದು ನಡುರಾತ್ರಿಯ ಆಸುಪಾಸಿನಲ್ಲಿ. ಹತ್ತೂವರೆಗೆ ಮಲಗಿದ ಹುಡುಗ ಅದರ ಉದ್ದಕ್ಕೂ ಎಚ್ಚರವಾಗಿ ಬಿದ್ದುಕೊಂಡಿರುತ್ತಾನೆ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ದಿನಾ ಹೀಗೆ ಹೊರಳಾಡಿದರೆ ಹಾಸಿಗೆ ಅಂದರೆ ಚಿಂತೆ ಮಾಡುವ ಜಾಗ ಎಂದು ಮನಸ್ಸು ಕಲಿತುಬಿಡುತ್ತದೆ. ನಿದ್ದೆ ಬಾರದಿದ್ದರೆ ಎದ್ದು ಬೇರೆ ಕಡೆ ಹೋಗಿ, ಮಂಕು ಬೆಳಕಿನಲ್ಲಿ ಸುಮ್ನೆ ಕೂತು, ಕಣ್ಣು ಎಳೆಯಲು ಶುರುವಾದ ಮೇಲೆ ವಾಪಸ್ ಬನ್ನಿ ಎಂದು ವೈದ್ಯರು ಹೇಳುವುದು ಇದಕ್ಕೇ.

ನಮ್ಮನ್ನು ಮಲಗಿಸುವ ಶಕ್ತಿಗಳು ಎರಡು. ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಸೇರುತ್ತಾ ಹೋಗುತ್ತದೆ. ಅದು ಜಾಸ್ತಿಯಾದಷ್ಟೂ ನಿದ್ದೆಯ ಒತ್ತಡ ಹೆಚ್ಚುತ್ತದೆ. ಇನ್ನೊಂದು, ಮೈಯೊಳಗಿನ ಗಡಿಯಾರ. ಯಾವಾಗ ಎಚ್ಚರ, ಯಾವಾಗ ನಿದ್ದೆ ಅನ್ನುವುದನ್ನು ಅದು ತನ್ನ ಲೆಕ್ಕದಲ್ಲಿ ನಡೆಸುತ್ತದೆ. ಸ್ವಿಟ್ಜರ್ಲೆಂಡಿನ ಅಲೆಕ್ಸಾಂಡರ್ ಬೋರ್ಬೆಲಿ 1982ರಲ್ಲಿ ಇವೆರಡನ್ನೂ ಸೇರಿಸಿ ವಿವರಿಸಿದರು. "ಒಂದು ರಾತ್ರಿ ಪೂರ್ತಿ ಎದ್ದಿದ್ದು, ಮಾರನೇ ದಿನ ಬೇಗ ಮಲಗಿದರೆ ಎಲ್ಲ ಸರಿಹೋಗುತ್ತೆ" ಎನ್ನುವವರು ಮೊದಲನೆಯದನ್ನು ಮಾತ್ರ ನೆಚ್ಚಿಕೊಂಡಿರುತ್ತಾರೆ. ಒತ್ತಡ ಹೆಚ್ಚಿ ಒಂದು ದಿನ ಬೇಗ ನಿದ್ದೆ ಬರಬಹುದು. ಗಡಿಯಾರ ಮಾತ್ರ ಇದ್ದಲ್ಲೇ ಇರುತ್ತದೆ. ಎರಡು ದಿನ ಕಳೆದರೆ ಮತ್ತೆ ಮೂರು ಗಂಟೆಯ ರಾತ್ರಿಯೇ.

ಈ ಗಡಿಯಾರದ ಸುಳಿವು ಸಿಕ್ಕಿದ್ದು ಒಂದು ಗಿಡದಿಂದ. ನಮ್ಮ ಗದ್ದೆ ಬದುಗಳಲ್ಲಿ ಬೆಳೆಯುವ ಮುಟ್ಟಿದರೆ ಮುನಿಯಂಥ ಗಿಡ. ಅದು ಹಗಲು ಎಲೆ ಬಿಚ್ಚಿ ರಾತ್ರಿ ಮಡಿಚುವುದು ಬಿಸಿಲಿನಿಂದಲೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಫ್ರಾನ್ಸಿನ ದ ಮೆರಾನ್ ಎಂಬುವರು ಗಿಡವನ್ನು ಬೆಳಕೇ ಬೀಳದ ಜಾಗದಲ್ಲಿಟ್ಟು ನೋಡಿದರು. ಹೊರಗೆ ಹಗಲಾದಾಗ ಅದು ಕತ್ತಲಲ್ಲೂ ಎಲೆ ಬಿಚ್ಚಿತು. ಇದು ವರದಿಯಾದದ್ದು 1729ರಲ್ಲಿ. ಲೆಕ್ಕ ಗಿಡದೊಳಗೇ ಇತ್ತು.

ಮನುಷ್ಯರಲ್ಲಿ ಈ ಲೆಕ್ಕ ಸರಿಯಾಗಿ 24 ಗಂಟೆಯದಲ್ಲ. ಹಾರ್ವರ್ಡ್‌ನ ಚಾರ್ಲ್ಸ್ ಸೈಸ್ಲರ್ ತಂಡ 1999ರಲ್ಲಿ ಎಚ್ಚರಿಕೆಯಿಂದ ಅಳೆದಾಗ ಸರಾಸರಿ 24 ಗಂಟೆ 11 ನಿಮಿಷ ಬಂತು. ಅಂದರೆ ಯಾರೂ ತಿದ್ದದಿದ್ದರೆ ನಮ್ಮಲ್ಲಿ ಹೆಚ್ಚಿನವರು ದಿನದಿಂದ ದಿನಕ್ಕೆ ತಡವಾಗುತ್ತಲೇ ಹೋಗುತ್ತೇವೆ. ತಡವಾಗಿ ಮಲಗುವುದು ಸುಲಭ, ಬೇಗ ಮಲಗುವುದು ಕಷ್ಟ ಎನ್ನಿಸುವುದು ಸೋಮಾರಿತನದಿಂದಲ್ಲ. ಹದಿಹರೆಯದಲ್ಲಂತೂ ಗಡಿಯಾರ ಇನ್ನಷ್ಟು ತಡಕ್ಕೆ ಸರಿದು, ಇಪ್ಪತ್ತರ ಆಸುಪಾಸಿನಲ್ಲಿ ಅತಿ ತಡವಾಗಿರುತ್ತದೆ. ಆಮೇಲೆ ನಿಧಾನವಾಗಿ ವಾಪಸಾಗುತ್ತದೆ. ಆ ವಯಸ್ಸಿನ ಮಕ್ಕಳನ್ನು ಬೈಯುವ ಮುಂಚೆ ಇದು ನೆನಪಿರಲಿ ಎಂದು ನನಗೆ ನಿಜವಾಗಿಯೂ ಅನ್ನಿಸುತ್ತದೆ.

ತಿದ್ದುವವರು ಯಾರು? ಬೆಳಕು. ಹಿಂದೆ ಮನೆಯ ಗೋಡೆ ಗಡಿಯಾರ ದಿನಾ ಸ್ವಲ್ಪ ಹಿಂದೆ ಬೀಳುತ್ತಿತ್ತು, ಬೆಳಗ್ಗೆ ಆಕಾಶವಾಣಿಯಲ್ಲಿ ಸಮಯ ಹೇಳಿದಾಗ ಅಜ್ಜ ಎದ್ದು ಮುಳ್ಳು ತಿರುಗಿಸುತ್ತಿದ್ದರು. ಸೂರ್ಯ ಮಾಡುವುದೂ ಅದೇ ಕೆಲಸ. ಎರಡು ಕಣ್ಣಿನ ನರಗಳು ಮಿದುಳಿನ ಬುಡದಲ್ಲಿ ಒಂದನ್ನೊಂದು ದಾಟುವ ಜಾಗವಿದೆ. ಅದರ ಮೇಲೆ ಸುಮಾರು 20,000 ನರಕೋಶಗಳ ಒಂದು ಪುಟ್ಟ ಗುಂಪು. ಮುಖ್ಯ ಗಡಿಯಾರ ಅದೇ. ಅದಕ್ಕೆ ಸುದ್ದಿ ಮುಟ್ಟಿಸಲು ಕಣ್ಣಿನಲ್ಲಿ ವಿಶೇಷ ಕೋಶಗಳಿವೆ. ಅಮೆರಿಕದ ವಿಜ್ಞಾನಿಗಳು 2002ರಲ್ಲಿ ಅವುಗಳ ಕೆಲಸವನ್ನು ತೋರಿಸಿಕೊಟ್ಟರು. ಹೊರಗೆ ಬೆಳಕು ಎಷ್ಟಿದೆ ಎಂದು ಅಳೆದು ಗಡಿಯಾರಕ್ಕೆ ತಿಳಿಸುವುದೇ ಇವುಗಳ ಮುಖ್ಯ ಕಸುಬು. ನೋಟ ಪೂರ್ತಿ ಹೋದ ಕೆಲವು ಅಂಧರಲ್ಲೂ ಇವು ಉಳಿದಿರುತ್ತವೆ. ಅಂಥವರಿಗೆ ಹಗಲು ರಾತ್ರಿಯ ಲಯ ತಪ್ಪುವುದಿಲ್ಲ.

ಇಲ್ಲಿ ಬೆಳಕಿನ ಅಳತೆ ಮುಖ್ಯ. ಅದನ್ನು ಲಕ್ಸ್ ಲೆಕ್ಕದಲ್ಲಿ ಅಳೆಯುತ್ತಾರೆ. ಟ್ಯೂಬ್‌ಲೈಟ್ ಹಾಕಿದ ನಡುಮನೆಯಲ್ಲಿ ಕಣ್ಣಿಗೆ ಬೀಳುವುದು ಸಾಮಾನ್ಯವಾಗಿ 100ರಿಂದ 300 ಲಕ್ಸ್. ಮೋಡ ಮುಚ್ಚಿದ ದಿನವೂ ಹೊರಗೆ ಕೆಲವು ಸಾವಿರದಿಂದ 10,000 ಲಕ್ಸ್ ಇರುತ್ತದೆ. ನೇರ ಬಿಸಿಲಿನಲ್ಲಿ ಒಂದು ಲಕ್ಷದವರೆಗೆ. ಕಣ್ಣು ಹೊಂದಿಕೊಳ್ಳುವುದರಿಂದ ನಮಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಗಡಿಯಾರಕ್ಕೆ ಚೆನ್ನಾಗಿ ಗೊತ್ತಾಗುತ್ತದೆ. ಕಿಟಕಿ ಪಕ್ಕ ಕೂರುವುದಕ್ಕೂ ತಾರಸಿಗೆ ಹೋಗಿ ನಿಲ್ಲುವುದಕ್ಕೂ ಬಹಳ ಅಂತರವಿದೆ. ಈ ವಿಷಯದಲ್ಲಿ ನಮ್ಮೂರಿನವರು ಪುಣ್ಯವಂತರು. ಮೈಸೂರು ಸಮಭಾಜಕ ವೃತ್ತದಿಂದ 12 ಡಿಗ್ರಿಯಷ್ಟೇ ಉತ್ತರಕ್ಕಿದೆ. ಮೇ ಕೊನೆಗೆ ಸೂರ್ಯ ಆರಕ್ಕೆ ಸ್ವಲ್ಪ ಮುಂಚೆ ಹುಟ್ಟಿದರೆ, ಜನವರಿ ಕೊನೆಗೆ ಆರೂ ಮುಕ್ಕಾಲರ ಹೊತ್ತಿಗೆ. ವರ್ಷವಿಡೀ ಹೆಚ್ಚು ಕಡಿಮೆ ಒಂದೇ ಸಮಯಕ್ಕೆ ಬೆಳಕು ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ.

ಹಾಗಾದರೆ ನಾಳೆಯೇ ಆ ಹುಡುಗನನ್ನು ಆರಕ್ಕೆ ಎಬ್ಬಿಸಿ ಕುಕ್ಕರಹಳ್ಳಿ ಕೆರೆಗೆ ವಾಕಿಂಗ್ ಕರೆದುಕೊಂಡು ಹೋದರೆ ಆಯಿತಲ್ಲ? ಇಲ್ಲ. ಹೆಚ್ಚಿನವರು ಎಡವುವುದು ಇಲ್ಲಿಯೇ.

ನಮ್ಮ ಮೈ ಬಿಸಿ ದಿನಕ್ಕೊಮ್ಮೆ ಏರಿ ಇಳಿಯುತ್ತದೆ. ಅದು ಅತಿ ಕಡಿಮೆಯಾಗುವುದು ನಾವು ತಾನಾಗೇ ಏಳುವ ಸಮಯಕ್ಕೆ ಎರಡು ಮೂರು ಗಂಟೆ ಮುಂಚೆ. ಆರಕ್ಕೆ ಏಳುವವರಿಗೆ ಬೆಳಗಿನ ಜಾವ ಮೂರು, ನಾಲ್ಕರ ಹೊತ್ತು. ಬೆಳಕಿನ ಮಟ್ಟಿಗೆ ಆ ಹೊತ್ತೇ ಗಡಿ. ಅದರ ನಂತರ ಬಿದ್ದ ಬೆಳಕು ಗಡಿಯಾರವನ್ನು ಮುಂದಕ್ಕೆ ತರುತ್ತದೆ, ಮಾರನೇ ರಾತ್ರಿ ನಿದ್ದೆ ಬೇಗ ಬರುತ್ತದೆ. ಅದಕ್ಕೆ ಮುಂಚೆ ಬಿದ್ದ ಬೆಳಕು ಹಿಂದಕ್ಕೆ ತಳ್ಳುತ್ತದೆ, ನಿದ್ದೆ ಇನ್ನೂ ತಡವಾಗುತ್ತದೆ. ಹನ್ನೊಂದಕ್ಕೆ ಏಳುವ ಹುಡುಗನ ಗಡಿ ಎಲ್ಲಿದೆ? ಬೆಳಗ್ಗೆ ಎಂಟು, ಒಂಬತ್ತರ ಹೊತ್ತಿಗೆ. ಊರಿಗೆಲ್ಲ ಬೆಳಗಾದರೂ ಅವನ ಮೈಗೆ ಆರು ಗಂಟೆ ಅಂದರೆ ಇನ್ನೂ ನಡುರಾತ್ರಿ. ಆಗ ಅವನನ್ನು ಎಳೆದು ಬಿಸಿಲಿಗೆ ನಿಲ್ಲಿಸಿದರೆ ಗಡಿಯಾರ ನಮಗೆ ಬೇಕಾದ ಕಡೆಗೆ ಹೋಗುವ ಬದಲು ಹಿಂದಕ್ಕೇ ಹೋಗಬಹುದು. ಮನೆಯವರು ನಾಲ್ಕು ದಿನ ಕಷ್ಟಪಟ್ಟು, "ಇವನಿಗೆ ಏನು ಮಾಡಿದರೂ ಅಷ್ಟೇ" ಎಂದು ಕೈಬಿಡುತ್ತಾರೆ.

ಶುರು ಮಾಡಬೇಕಾದದ್ದು ಅವನು ಈಗ ಏಳುವ ಸಮಯದಿಂದ. ಮೊದಲ ದಿನ ಅಲಾರಂ ಹತ್ತೂವರೆಗೆ. ಎದ್ದ ಕೂಡಲೇ ಮೊಬೈಲ್ ಹಿಡಿದು ಹಾಸಿಗೆಯಲ್ಲೇ ಉಳಿಯದೆ ತಾರಸಿಗೋ ಬೀದಿಗೋ ಹೋಗಬೇಕು. ಅರ್ಧ ಗಂಟೆ ಹೊರಗಿರಬೇಕು. ಸೂರ್ಯನನ್ನು ನೇರ ನೋಡುವುದು ಬೇಡ, ಕಣ್ಣಿಗೆ ಅಪಾಯ, ಬಯಲಿನಲ್ಲಿದ್ದರೆ ಸಾಕು. ಎರಡು ದಿನ ಹೀಗೆ. ಆಮೇಲೆ ಹತ್ತು ಗಂಟೆ. ಮತ್ತೆರಡು ದಿನ ಬಿಟ್ಟು ಒಂಬತ್ತೂವರೆ. ಹೀಗೆ ಅರ್ಧರ್ಧ ಗಂಟೆ ಬೇಗಕ್ಕೆ ತಂದರೆ ಎರಡೂವರೆ ಮೂರು ವಾರದಲ್ಲಿ ಆರೂವರೆಗೆ ತಲುಪಬಹುದು. ಮಲಗುವ ಸಮಯಕ್ಕೆ ಒತ್ತಾಯ ಬೇಡ, ನಿದ್ದೆ ಬಂದಾಗಲೇ ಮಲಗಲಿ. ಏಳುವುದು ಸರಿದಂತೆ ಅದೂ ಹಿಂದೆಯೇ ಸರಿದು ಬರುತ್ತದೆ. ಮೊದಲ ವಾರ ಹಗಲು ತೂಕಡಿಕೆ ಇರುತ್ತದೆ. ಆಗ ಸ್ಕೂಟರ್ ಓಡಿಸುವುದು ಬೇಡ.

ರಾತ್ರಿಯ ಕಡೆ ಮಾಡುವುದಿದ್ದರೆ ಒಂದೇ: ಮಲಗುವ ಎರಡು ಗಂಟೆ ಮುಂಚಿನಿಂದ ಮನೆ ಮಂಕಾಗಿರಲಿ. ಎಲ್ಲರೂ ಮೊಬೈಲನ್ನೇ ಬೈಯುತ್ತಾರೆ. ನನಗೆ ಅದರ ಬೆಳಕಿಗಿಂತ ಅದರಲ್ಲಿ ಇರುವುದು ಹೆಚ್ಚು ತೊಂದರೆ ಅನ್ನಿಸುತ್ತದೆ. ಒಂದು ರೀಲ್ ಮುಗಿಯುವಷ್ಟರಲ್ಲಿ ಇನ್ನೊಂದು ಬರುತ್ತದೆ, ಮಲಗಬೇಕಾದ ಹೊತ್ತು ಕಳೆದುಹೋಗುತ್ತದೆ. ಹಗಲು ಚೆನ್ನಾಗಿ ಬಯಲ ಬೆಳಕು ಕಂಡವರ ಗಡಿಯಾರ ರಾತ್ರಿಯ ಬೆಳಕಿಗೆ ಅಷ್ಟಾಗಿ ಅಲುಗುವುದಿಲ್ಲ ಎಂಬುದೂ ಪ್ರಯೋಗಗಳಲ್ಲಿ ಕಂಡಿದೆ. ಅಮೆರಿಕದ ಕೆನೆತ್ ರೈಟ್ 2013ರಲ್ಲಿ ಎಂಟು ಜನರನ್ನು ಒಂದು ವಾರ ಕೊಲರಾಡೋದ ಬೆಟ್ಟಗಳಲ್ಲಿ, ದೀಪ, ಮೊಬೈಲ್ ಏನೂ ಇಲ್ಲದೆ ಡೇರೆಯಲ್ಲಿ ಇರಿಸಿದರು. ಅವರ ಗಡಿಯಾರ ಸುಮಾರು ಎರಡು ಗಂಟೆ ಬೇಗಕ್ಕೆ ಸರಿದು ಸೂರ್ಯನ ಲೆಕ್ಕಕ್ಕೆ ಕೂತಿತು.

ಕಾಫಿಯ ಮಾತೂ ಹೇಳಬೇಕು, ಇದು ಮೈಸೂರಲ್ವಾ. ಕೆಫೀನ್ ಅಡಿನೋಸಿನ್ ಕೂರುವ ಜಾಗಕ್ಕೆ ಅಡ್ಡ ಕೂರುತ್ತದೆ, ನಿದ್ದೆಯ ಒತ್ತಡ ಮಿದುಳಿಗೆ ಗೊತ್ತಾಗುವುದಿಲ್ಲ. ಕುಡಿದದ್ದರಲ್ಲಿ ಅರ್ಧ ಖಾಲಿಯಾಗಲು ಸುಮಾರು ಐದು ಗಂಟೆ ಬೇಕು. ಸಂಜೆ ಐದರ ಫಿಲ್ಟರ್ ಕಾಫಿಯ ಅರ್ಧ ಭಾಗ ರಾತ್ರಿ ಹತ್ತಕ್ಕೂ ಮೈಯಲ್ಲಿರುತ್ತದೆ. ನಿದ್ದೆ ಸರಿಹೋಗುವವರೆಗೆ ಮಧ್ಯಾಹ್ನದ ಊಟದ ನಂತರ ಕಾಫಿ ಬೇಡ. ಭಾನುವಾರ ಹತ್ತರವರೆಗೆ ಮಲಗುವುದೂ ಬೇಡ. ಅಂದು ಬೆಳಗಿನ ಬೆಳಕು ತಪ್ಪಿದರೆ ಗಡಿಯಾರ ಮತ್ತೆ ತಡಕ್ಕೆ ಜಾರುತ್ತದೆ. ರಾತ್ರಿಯಾಯಿತು ಎಂದು ಮೈಗೆ ತಿಳಿಸುವ ಹಾರ್ಮೋನು ಮೆಲಟೋನಿನ್. ಅದರ ಮಾತ್ರೆ ಕೆಲವರಿಗೆ ಸಹಾಯ ಮಾಡುತ್ತದೆ. ಆದರೆ ಎಷ್ಟು, ಯಾವ ಹೊತ್ತಿಗೆ ಎನ್ನುವುದರ ಮೇಲೆ ಎಲ್ಲ ನಿಂತಿದೆ, ಆದ್ದರಿಂದ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಹಗಲೆಲ್ಲ ಮಂಕು ಇದ್ದರೆ ಅದು ಬೇರೆಯೇ ಕಾಯಿಲೆ, ತೋರಿಸಲು ತಡ ಮಾಡಬಾರದು.

ಮನೆಯಲ್ಲಿರುವ ಮಿಕ್ಕವರೂ ಲೆಕ್ಕಕ್ಕೆ ಬರುತ್ತಾರೆ. ಎಂ.ಕೆ. ಚಂದ್ರಶೇಖರನ್ ಎಂಬ ವಿಜ್ಞಾನಿ ಮಧುರೈ ಕಾಮರಾಜ್ ವಿಶ್ವವಿದ್ಯಾಲಯದಲ್ಲಿದ್ದಾಗ ಗುಹೆಗಳ ಬಾವಲಿಗಳನ್ನು ಅಭ್ಯಾಸ ಮಾಡಿದರು, ಮುಂದೆ ಬೆಂಗಳೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲೂ ಕೆಲಸ ಮಾಡಿದರು. ಕಗ್ಗತ್ತಲ ಗುಹೆಯಲ್ಲಿ ಪಂಜರದಲ್ಲಿಟ್ಟ ಬಾವಲಿ, ಹೊರಗಿನ ಬೆಳಕು ಕಾಣದಿದ್ದರೂ ಜೊತೆಯವು ಹಾರಿ ಹೋಗುವ, ಬರುವ ಹೊತ್ತಿಗೆ ತನ್ನ ಲಯವನ್ನು ಹೊಂದಿಸಿಕೊಂಡಿರುವುದನ್ನು ಅವರ ತಂಡ ತೋರಿಸಿತು. ಮನುಷ್ಯರಲ್ಲಿ ಬೆಳಕಿನದೇ ಮೇಲುಗೈ. ಆದರೂ ಬೆಳಗ್ಗೆ ಎಲ್ಲರೂ ಒಟ್ಟಿಗೆ ಕೂತು ತಿಂಡಿ ತಿನ್ನುವ ಮನೆಯಲ್ಲಿ ಏಳುವುದು ಸುಲಭ.

ಇಷ್ಟೆಲ್ಲ ತಮ್ಮ ಸಮಯ ತಮ್ಮ ಕೈಯಲ್ಲಿರುವವರಿಗೆ. ನಾಗಮಂಗಲದ ಹತ್ತಿರ ನಮ್ಮ ಮಾವನ ಜಮೀನಿದೆ. ಬೋರ್‌ವೆಲ್ ನೀರು. ತ್ರೀಫೇಸ್ ಕರೆಂಟ್ ಒಂದು ವಾರ ಹಗಲಲ್ಲಿ, ಒಂದು ವಾರ ರಾತ್ರಿ ಒಂಬತ್ತಕ್ಕೆ, ಇನ್ನೊಂದು ವಾರ ಹನ್ನೊಂದಕ್ಕೆ. ಮೊಬೈಲಿನಿಂದಲೇ ಮೋಟರ್ ಆನ್ ಮಾಡಬಹುದು, ನಿಜ. ಆದರೆ ಟಾರ್ಚ್ ಹಿಡಿದು ಹೋಗಿ ಒಂದು ಪಾತಿಯಿಂದ ಇನ್ನೊಂದಕ್ಕೆ ನೀರು ತಿರುಗಿಸಲು ಆಳೇ ಬೇಕು. ವಾರಕ್ಕೊಮ್ಮೆ ಬದಲಾಗುವ ಇಂಥ ರಾತ್ರಿಗಳೇ ಗಡಿಯಾರಕ್ಕೆ ಎಲ್ಲಕ್ಕಿಂತ ಕೆಟ್ಟದ್ದು. ಒಂದಕ್ಕೆ ಹೊಂದಿಕೊಳ್ಳುವ ಮುಂಚೆ ಇನ್ನೊಂದು ಬಂದಿರುತ್ತದೆ.

ಇಂಥವರಿಗೂ ಒಂದು ದಾರಿ ಇದೆ. ಇಂಗ್ಲೆಂಡಿನ ಮೈನರ್ಸ್ ಮತ್ತು ವಾಟರ್‌ಹೌಸ್ 1981ರಲ್ಲಿ ಕಂಡುಕೊಂಡದ್ದು: ಎಂಟು ಗಂಟೆ ನಿದ್ದೆಯಲ್ಲಿ ನಾಲ್ಕು ಗಂಟೆಯನ್ನಾದರೂ ದಿನಾ ಒಂದೇ ಸಮಯಕ್ಕೆ ಮಾಡಿದರೆ, ಮಿಕ್ಕ ನಾಲ್ಕು ಹೇಗೆ ಹೇಗೋ ಆದರೂ ಗಡಿಯಾರ ಬಹುಮಟ್ಟಿಗೆ ನೆಲೆ ತಪ್ಪುವುದಿಲ್ಲ. ಮಾವನ ಲೆಕ್ಕವನ್ನು ಕೂತು ಹಾಕಿದಾಗ, ಎಲ್ಲ ವಾರಗಳಲ್ಲೂ ಖಾಲಿ ಸಿಕ್ಕಿದ್ದು ರಾತ್ರಿ ಎರಡೂವರೆಯಿಂದ ಬೆಳಗ್ಗೆ ಆರೂವರೆ. ಹಗಲು ಕರೆಂಟ್ ಇದ್ದ ವಾರ ಹತ್ತೂವರೆಗೆ ಮಲಗಿದರೂ, ಹನ್ನೊಂದಕ್ಕೆ ಮೋಟರ್ ಹಾಕಿ ಎರಡೂವರೆಗೆ ಮಲಗಿದರೂ ಏಳುವುದು ಆರೂವರೆಗೇ, ಎದ್ದು ನೇರ ಹೊಲದ ಬೆಳಕಿಗೇ. ಕಡಿಮೆ ಬಿದ್ದ ನಿದ್ದೆಯನ್ನು ಊಟದ ನಂತರ ಒಂದೂವರೆ ಗಂಟೆ ಮಲಗಿ ತುಂಬಿಕೊಳ್ಳುವುದು. ಅಡ್ಡಿಯಿದ್ದದ್ದು ಒಂದೇ. ಐದೂವರೆಗೆ ಎದ್ದು ಹಾಲು ಕರೆದು ಡೇರಿಗೆ ಹಾಕುತ್ತಿದ್ದವರು ಅವರೇ. ಆ ಕೆಲಸವನ್ನು ಈಗ ಅತ್ತೆ ಮತ್ತು ಮಗ ಹಂಚಿಕೊಂಡಿದ್ದಾರೆ.